ಅಮ್ಮರ್‌ನೆಸ್‌ನಿಂದ ಹೇಮವಾನ್‌ಗೆ: ಉತ್ತರ ಸ್ವೀಡನ್ನಿನ ಬೆಟ್ಟಸೀಮೆಯಲ್ಲಿ 78 ಕಿ.ಮೀ. ಕಾಲುದಾರಿ

ಸ್ವೀಡನ್ನಿನ ಉತ್ತರಕ್ಕೆ, ವೆಸ್ಟರ್‌ಬೊಟೆನ್ ಕೌಂಟಿಯಲ್ಲಿ, ಸೊರ್ಸೆಲೆ ಎಂಬ ಮುನಿಸಿಪಾಲಿಟಿ ಇದೆ. ವಿಸ್ತೀರ್ಣ 7,000 ಚದರ ಕಿ.ಮೀ.ಗೂ ಹೆಚ್ಚು, ಜನ ಸುಮಾರು 2,500. ಅಂದರೆ ತಲೆಗೆ ಹೆಚ್ಚುಕಡಿಮೆ 3 ಚದರ ಕಿ.ಮೀ. ನೆಲ! ಅದರ ಪಶ್ಚಿಮದ ಮೂಲೆಯಲ್ಲಿ, ಟಾರು ರಸ್ತೆ ಮುಗಿಯುವಲ್ಲಿ, ಅಮ್ಮರ್‌ನೆಸ್ ಎಂಬ ಹಳ್ಳಿ. ಅಲ್ಲಿಂದ ಮುಂದೆ ಕಾಲುದಾರಿಯೇ ಗತಿ. ಅಬಿಸ್ಕೊದಿಂದ ಹೇಮವಾನ್‌ವರೆಗೆ 440 ಕಿ.ಮೀ.ಗಳಷ್ಟು ಉದ್ದಕ್ಕೆ ಸಾಗುವ ಕುಂಗ್ಸ್‌ಲೇಡೆನ್, ಅಂದರೆ ‘ರಾಜನ ದಾರಿ’, ತನ್ನ ಕೊನೆಯ 78 ಕಿ.ಮೀ.ಗಳನ್ನು ಇಲ್ಲಿಂದ ಕ್ರಮಿಸಿ, ಪಕ್ಕದ ಸ್ಟೂರುಮಾನ್ ಮುನಿಸಿಪಾಲಿಟಿಗೆ ಸೇರಿದ ಹೇಮವಾನ್‌ನಲ್ಲಿ ಮುಗಿಯುತ್ತದೆ. ಅಬಿಸ್ಕೊ ಕಡೆಯ ಜನಜಂಗುಳಿ ಇಲ್ಲಿಲ್ಲ. ದೋಣಿ ಹುಟ್ಟು ಹಾಕಿ ಸರೋವರ ದಾಟುವ ಪೇಚೂ ಇಲ್ಲ. ಒಂದೊಂದು ದಿನದ ನಡಿಗೆಗೆ ಒಂದೊಂದು ತಂಗುಮನೆ ಇದೆ. ಬೆನ್ನಿಗೆ ಚೀಲ ಹೊತ್ತು ಮೊದಲ ಸಲ ಉತ್ತರಕ್ಕೆ ಹೊರಟವರಿಗೆ ಇಡೀ ಕುಂಗ್ಸ್‌ಲೇಡೆನ್‌ನಲ್ಲಿ ಇದಕ್ಕಿಂತ ಒಳ್ಳೆಯ ತುಂಡು ಸಿಗುವುದು ಕಷ್ಟ.

ದಾರಿ ಬಹುತೇಕ ವಿಂಡೆಲ್‌ಫ್ಯೆಲೆನ್ ರಕ್ಷಿತ ಪ್ರದೇಶದೊಳಗೇ ಇದೆ. 1974ರಲ್ಲಿ ಸ್ಥಾಪನೆಯಾದ ಇದು ಸುಮಾರು 5,600 ಚದರ ಕಿ.ಮೀ. ವಿಸ್ತಾರದ್ದು. ಇಷ್ಟು ದೊಡ್ಡ ರಕ್ಷಿತ ನೆಲ ಯುರೋಪಿನಲ್ಲೇ ವಿರಳ. ಆದರೂ ಪ್ರವೇಶ ಶುಲ್ಕವಿಲ್ಲ, ಅನುಮತಿ ಪತ್ರ ಬೇಡ, ಗೈಡ್ ಕಡ್ಡಾಯವಲ್ಲ. ನಮ್ಮ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್‌ಗೆ ಒಗ್ಗಿಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಕೇಳುವವರು ಯಾರೂ ಇಲ್ಲ ಎಂದರೆ, ಹೊರಟವರು ತಲುಪಿದರೋ ಇಲ್ಲವೋ ಎಂದು ಲೆಕ್ಕ ಇಡುವವರೂ ಇಲ್ಲ ಎಂದರ್ಥ. ಆ ಲೆಕ್ಕ ನೀವೇ ಇಡಬೇಕು.

ಯಾವಾಗ ಹೋಗಬೇಕು

ತಂಗುಮನೆಗಳು ಬೇಸಿಗೆಯಲ್ಲಿ ತೆರೆದಿರುವುದು ಜೂನ್ ಉತ್ತರಾರ್ಧದಿಂದ ಸೆಪ್ಟೆಂಬರ್ ಮಧ್ಯದ ಆಸುಪಾಸಿನವರೆಗೆ. ಖಚಿತ ದಿನಾಂಕ ವರ್ಷವರ್ಷಕ್ಕೆ ಬದಲಾಗುತ್ತದೆ. ಜೂನ್ ಕೊನೆಯಲ್ಲಿ ಎತ್ತರದ ಜಾಗಗಳಲ್ಲಿ ಹಿಮ ಉಳಿದಿರುತ್ತದೆ, ತೊರೆಗಳು ಹಿಮನೀರಿನಿಂದ ಉಕ್ಕುತ್ತಿರುತ್ತವೆ, ಬಯಲೆಲ್ಲ ಕೆಸರು. ಜುಲೈಯಲ್ಲಿ ರಾತ್ರಿಯೇ ಆಗದಷ್ಟು ಬೆಳಕು, ಜೊತೆಗೆ ಸೊಳ್ಳೆ. ಮಲೆನಾಡಿನ ಸೊಳ್ಳೆ ಕಂಡವರೂ ಇಲ್ಲಿ ತಲೆಬಲೆ ಇಲ್ಲದೆ ಬರಬೇಡಿ. ಆಗಸ್ಟ್ ಮಧ್ಯದ ಹೊತ್ತಿಗೆ ಸೊಳ್ಳೆ ಇಳಿಯುತ್ತದೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಬರ್ಚ್ ಮರಗಳು ಅರಿಶಿನ ಬಣ್ಣಕ್ಕೆ ತಿರುಗುತ್ತವೆ. ಆದರೆ ಆಗ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಹಿಮ ಬಿದ್ದರೂ ಆಶ್ಚರ್ಯವಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಆಗಸ್ಟ್ 15ರಿಂದ ಸೆಪ್ಟೆಂಬರ್ 5ರೊಳಗೆ ಹೋಗಿ. ಆಗಸ್ಟ್ 25ಕ್ಕೆ ರೀಪ ಎಂಬ ಬೆಟ್ಟದ ಹಕ್ಕಿಯ ಬೇಟೆ ಶುರುವಾಗುತ್ತದೆ. ಅದರ ನಂತರ ಹೋಗುವವರು ಕಿತ್ತಳೆ ಅಥವಾ ಕೆಂಪು ಬಣ್ಣದ ಟೋಪಿ ಹಾಕಿಕೊಂಡರೆ ಒಳ್ಳೆಯದು.

ದಿಕ್ಕು ಯಾವುದು: ಬಸ್ ನೋಡಿ ನಿರ್ಧರಿಸಿ

ಎರಡೂ ಕಡೆಯಿಂದ ನಡೆಯಬಹುದು, ಆದರೆ ಅಮ್ಮರ್‌ನೆಸ್‌ನಿಂದ ಶುರು ಮಾಡಿ. ಕಾರಣ ಸರಳ. ಸೊರ್ಸೆಲೆಯಿಂದ ಅಮ್ಮರ್‌ನೆಸ್‌ಗೆ ಸುಮಾರು 90 ಕಿ.ಮೀ.; ಬಸ್ಸು ಕಡಿಮೆ, ವಾರಾಂತ್ಯದಲ್ಲಿ ಇನ್ನೂ ಕಡಿಮೆ. ಆ ತಾಪತ್ರಯ ನಡಿಗೆಗೆ ಮೊದಲೇ ಮುಗಿದರೆ ವಾಸಿ. ಹೇಮವಾನ್‌ನಿಂದ 31ನೇ ನಂಬರಿನ ಬಸ್ಸು ಊಮೆಯೊ ನಗರಕ್ಕೆ ಹೋಗುತ್ತದೆ, ಹೆಚ್ಚುಕಡಿಮೆ ಆರು ಗಂಟೆಯ ಹಾದಿ. ಪುಟ್ಟದೊಂದು ವಿಮಾನ ನಿಲ್ದಾಣವೂ ಇದೆ. ಕೊನೆಗೆ ಒಂದು ದಿನ ತಡವಾದರೂ ದಾರಿ ಸಿಗುತ್ತದೆ. ತಿರುಗಾಮುರುಗಾ ನಡೆದು ಅಮ್ಮರ್‌ನೆಸ್‌ನಲ್ಲಿ ಬಸ್ ತಪ್ಪಿಸಿಕೊಂಡವರು ಹಳ್ಳಿಯಲ್ಲೇ ಕೂರಬೇಕಾಗುತ್ತದೆ. ಅದಕ್ಕೆ ಹೆದರಿ ಕೆಟ್ಟ ಹವಾಮಾನದಲ್ಲೂ ನಡೆದುಬಿಡುವುದು ಇದಕ್ಕಿಂತ ಅಪಾಯದ್ದು.

ಸ್ಟಾಕ್‌ಹೋಮ್‌ನಿಂದ ಊಮೆಯೊವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸೊರ್ಸೆಲೆ, ಮತ್ತೆ ಬಸ್ಸಿನಲ್ಲಿ ಅಮ್ಮರ್‌ನೆಸ್. ಬೇಸಿಗೆಯಲ್ಲಾದರೆ ಒಳನಾಡಿನ ರೈಲು ಇನ್‌ಲಾಂಡ್ಸ್‌ಬಾನನ್ ಕೂಡ ಸೊರ್ಸೆಲೆಯಲ್ಲಿ ನಿಲ್ಲುತ್ತದೆ. ನಿಧಾನ, ಆದರೆ ಚಂದ. ವೇಳಾಪಟ್ಟಿಯನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿ. ಶಾಲೆಗಳ ರಜೆಗೆ ತಕ್ಕಂತೆ ಬಸ್ಸಿನ ಸಮಯ ಬದಲಾಗುತ್ತದೆ.

ಭಾರತದಿಂದಲೇ ಬರುವವರು ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ವಿಮೆ ಮಾಡಿಸುವಾಗ ಬೆಟ್ಟದ ಚಾರಣ ಅದರಲ್ಲಿ ಸೇರಿದೆಯೇ ಎಂದು ಸಣ್ಣಕ್ಷರ ಓದಿ ನೋಡಿ.

ಚೀಲದೊಳಗೆ

ತಂಗುಮನೆಯಿಂದ ತಂಗುಮನೆಗೆ ನಡೆಯುವವರಿಗೆ 50 ಲೀಟರ್ ಚೀಲ, ಊಟ ಸೇರಿ 12 ಕಿಲೋದೊಳಗೆ ಸಾಕು. ಟೆಂಟ್ ಹೊರುವುದಾದರೆ ಇನ್ನೂ 3–4 ಕಿಲೋ. ಒಳಗೆ ಉಣ್ಣೆಯ ಬನಿಯನ್ ಮತ್ತು ಉದ್ದ ಚಡ್ಡಿ ಹಾಕಿಕೊಳ್ಳಿ. ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಹೀರುತ್ತದೆ. ಮಳೆಗೆ ಜಾಕೆಟ್ ಮತ್ತು ಪ್ಯಾಂಟು ಎರಡೂ ಬೇಕು. ನಮ್ಮ ಕಡೆಯ ಪೊಂಚೊ ಇಲ್ಲಿನ ಗಾಳಿಗೆ ಹಾಯಿಪಟದಂತೆ ಉಬ್ಬಿ ನಿಮ್ಮನ್ನೇ ಎಳೆಯುತ್ತದೆ. ಆಗಸ್ಟ್ ಆದರೂ ಕೈಗವಸು, ಟೋಪಿ ಇರಲಿ. 5 ಡಿಗ್ರಿ ಚಳಿಯಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿದರೆ ಮೈಗೆ ತಾಕುವುದು ಸುಮಾರು 0 ಡಿಗ್ರಿ. ಉಳಿದಂತೆ ಹಾಸು-ಚೀಲ (ಒಳಗೆ ತೂರಿ ಮಲಗುವ ಬಟ್ಟೆಯ ಚೀಲ), ಹೆಡ್‌ಲ್ಯಾಂಪ್, ಬೊಬ್ಬೆಗೆ ಟೇಪು, ತೊರೆ ದಾಟಲು ಹಿಂದೆ ಪಟ್ಟಿ ಇರುವ ಚಪ್ಪಲಿ, 1:1,00,000 ಅಳತೆಯ ಕಾಗದದ ನಕ್ಷೆ, ದಿಕ್ಸೂಚಿ.

ತಂಗುಮನೆಗಳಲ್ಲಿ ಕರೆಂಟಿಲ್ಲ. ಫೋನನ್ನು ಫ್ಲೈಟ್ ಮೋಡ್‌ನಲ್ಲಿಟ್ಟರೆ 10,000 ಎಂಎಎಚ್ ಪವರ್ ಬ್ಯಾಂಕ್ ಆರು ದಿನಕ್ಕೆ ಸಾಲುತ್ತದೆ. ಸಿಗ್ನಲ್ ಹುಡುಕುವ ಫೋನು ಇಲ್ಲಿ ಒಂದೇ ದಿನದಲ್ಲಿ ಬ್ಯಾಟರಿ ತಿಂದು ಮುಗಿಸುತ್ತದೆ, ಏಕೆಂದರೆ ದಾರಿಯ ಬಹುಭಾಗದಲ್ಲಿ ಸಿಗ್ನಲ್ಲೇ ಇಲ್ಲ.

ಬುತ್ತಿ

ತಲೆಗೆ ದಿನಕ್ಕೆ 600–700 ಗ್ರಾಂ ಒಣ ಆಹಾರ ಲೆಕ್ಕ ಹಾಕಿ. ತಂಗುಮನೆಯಲ್ಲಿ ಗ್ಯಾಸ್ ಒಲೆ, ಪಾತ್ರೆ, ತಟ್ಟೆ ಎಲ್ಲ ಇವೆ. ಆದರೆ ಎರಡು ಮೂರು ಬರ್ನರ್‌ಗಳ ಮುಂದೆ ಹತ್ತು ಜನ ಕಾಯುತ್ತಿರುತ್ತಾರೆ. ಆದ್ದರಿಂದ ತೊಗರಿಬೇಳೆಯ ಯೋಚನೆ ಬಿಡಿ. ಕುಕ್ಕರ್ ಇಲ್ಲದೆ ಅದು ಬೇಯುವ ಹೊತ್ತಿಗೆ ಉಳಿದವರೆಲ್ಲ ಉಂಡು ಮಲಗಿರುತ್ತಾರೆ. ಹೆಸರುಬೇಳೆ ಅಥವಾ ಕೆಂಪು ಮಸೂರ್ ಬೇಳೆಯಾದರೆ ಅಕ್ಕಿಯೊಡನೆ ಒಂದೇ ಪಾತ್ರೆಯಲ್ಲಿ ಬೇಗ ಬೇಯುತ್ತದೆ.

ಈ ದಾರಿಗೆ ಹೇಳಿ ಮಾಡಿಸಿದ್ದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ಒಡೆದು, ಹುಣಸೆಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಉಪ್ಪು ಬೆರೆಸಿ, ಎಣ್ಣೆಯ ಒಗ್ಗರಣೆ ಪೂರ್ತಿ ಆರಿದ ಮೇಲೆ ಸೇರಿಸಿ ಪೊಟ್ಟಣ ಕಟ್ಟಿ. ಒಬ್ಬರಿಗೆ ಒಂದು ಹೊತ್ತಿಗೆ 100 ಗ್ರಾಂ. ಗಾಳಿಗೆ ಬೆನ್ನುಕೊಟ್ಟು ಕೂತು, ಫ್ಲಾಸ್ಕಿನ ಬಿಸಿನೀರು ಅಷ್ಟೇ ಅಳತೆಗೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಮಧ್ಯಾಹ್ನದ ಊಟ ಮುಗಿಯಿತು. ಒಲೆ ಹಚ್ಚುವ ರಗಳೆಯೇ ಇಲ್ಲ. ಒಗ್ಗರಣೆ ಬಿಸಿ ಇರುವಾಗಲೇ ಪೊಟ್ಟಣ ಕಟ್ಟಿದರೆ ಹಬೆ ಒಳಗೇ ಉಳಿದು ಮೂರನೇ ದಿನಕ್ಕೆ ಮುಗ್ಗುಲು ಹಿಡಿಯುತ್ತದೆ.

ಊರಿನಿಂದ ತರುವವರು ಒಂದು ಮಾತು ನೆನಪಿಡಿ: ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಗಾಗಿ ತುಪ್ಪ ಬೇಡ, ಪೇಡೆಯೂ ಬೇಡ. ತಾಜಾ ಕರಿಬೇವಿಗೂ ಪ್ರಮಾಣಪತ್ರ ಕೇಳುತ್ತಾರೆ. ಚಟ್ನಿಪುಡಿಗೆ ತೊಂದರೆಯಿಲ್ಲ.

ಕೆಲವು ತಂಗುಮನೆಗಳಲ್ಲಿ ಸಣ್ಣ ಅಂಗಡಿ ಇದೆ, ಎಲ್ಲದರಲ್ಲೂ ಇಲ್ಲ. ಪಾಸ್ತಾ, ಡಬ್ಬದ ಊಟ, ಗರಿಗರಿ ಬ್ರೆಡ್ಡು, ಟ್ಯೂಬಿನಲ್ಲಿ ಬರುವ ಚೀಸು ಸಿಗುತ್ತದೆ. ಸಸ್ಯಾಹಾರಿಗಳು ಟ್ಯೂಬಿನ ಮೇಲಿನ ಹೆಸರು ಓದಿ. ‘ರೇಕ್’ ಅಂದರೆ ಸಿಗಡಿ, ‘ಸ್ಕಿಂಕ್’ (skink) ಎಂದು ಬರೆದಿರುವುದು ಹಂದಿಮಾಂಸ, ‘ರೇನ್’ ಎಂದರೆ ಹಿಮಸಾರಂಗ. ತಮಾಷೆಯೆಂದರೆ ‘ರೇನ್’ ಪದಕ್ಕೆ ಸ್ವೀಡಿಷ್‌ನಲ್ಲಿ ‘ಶುದ್ಧ’ ಎಂಬ ಅರ್ಥವೂ ಇದೆ; ನಿಘಂಟು ನೋಡಿ ಮೋಸ ಹೋಗಬೇಡಿ. ನೀಲಿ ಟ್ಯೂಬಿನ ‘ಕಲ್ಲೆಸ್’ ಮೀನಿನ ಮೊಟ್ಟೆಯದು.

ಟೆಂಟಿನವರಿಗೆ ಒಲೆಯ ವಿಚಾರ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ತರುವಂತಿಲ್ಲ, ಊಮೆಯೊದಲ್ಲೇ ಕೊಂಡುಬಿಡಿ. ಸ್ವೀಡನ್ನಿನವರು ಬಳಸುವುದು ಟ್ರಾಂಗಿಯ ಎಂಬ ಸ್ಪಿರಿಟ್ ಒಲೆ. ಗಾಳಿಗೆ ಆರುವುದಿಲ್ಲ, ಕೆಡುವ ಬಿಡಿಭಾಗಗಳೂ ಇಲ್ಲ. ಇಂಧನಕ್ಕೆ ಹತ್ತನೆಯ ಒಂದು ಪಾಲು ನೀರು ಬೆರೆಸಿದರೆ ಪಾತ್ರೆಗೆ ಮಸಿ ಹಿಡಿಯುವುದು ಕಡಿಮೆಯಾಗುತ್ತದೆ. ಅನಾಹುತ ಆಗುವುದು ಮರುತುಂಬುವಾಗ. ಸ್ಪಿರಿಟ್ಟಿನ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಎಂದುಕೊಂಡು ಬಾಟಲಿ ಬಗ್ಗಿಸಿದರೆ ಬೆಂಕಿ ಬಾಟಲಿಗೇ ಏರುತ್ತದೆ. ಮುಚ್ಚಳ ಹಾಕಿ, ಬರ್ನರ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆಯೇ ತುಂಬಿ.

ಕೆಂಪು ಕತ್ತರಿ ಗುರುತನ್ನು ನಂಬಬೇಡಿ

ಈ ದಾರಿಯಲ್ಲಿ ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಒಂದೇ. ಉದ್ದ ಕಂಬಗಳ ತುದಿಗೆ ಕೆಂಪು ಬಣ್ಣದ ಕತ್ತರಿ ಗುರುತು (×) ಬಡಿದಿರುವುದು ದೂರಕ್ಕೇ ಎದ್ದು ಕಾಣುತ್ತದೆ. ಅದು ಚಳಿಗಾಲದ ಸ್ಕೀ ದಾರಿ. ಹಿಮ ಮುಚ್ಚಿದಾಗ ಸರೋವರವೂ ಜೌಗೂ ಗಟ್ಟಿ ನೆಲವೇ ಆಗಿರುವುದರಿಂದ ಆ ಕಂಬಗಳು ನೇರವಾಗಿ ಅವುಗಳ ಮೇಲೇ ಸಾಗುತ್ತವೆ. ಬೇಸಿಗೆಯ ದಾರಿಗೆ ಗುರುತು ಬೇರೆ: ಕಲ್ಲಿನ ಮೇಲೆ, ಮರದ ಮೇಲೆ ಬಳಿದ ಕೆಂಪು ಅಥವಾ ಕಿತ್ತಳೆ ಬಣ್ಣ, ಪೇರಿಸಿಟ್ಟ ಕಲ್ಲುಗುಪ್ಪೆ, ತುಳಿದು ಸವೆದ ಹಾದಿ. ಎರಡೂ ದಾರಿ ಎಷ್ಟೋ ಕಡೆ ಜೊತೆಯಾಗಿಯೇ ಹೋಗುವುದರಿಂದ ಗಂಟೆಗಟ್ಟಲೆ ಕಂಬ ನೋಡಿ ನಡೆದರೂ ಏನೂ ಆಗುವುದಿಲ್ಲ, ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಮಂಜು ಕವಿದ ಹೊತ್ತಿನಲ್ಲಿ ಅದೇ ಕಂಬಗಳು ಮೊಣಕಾಲುದ್ದದ ಕೆಸರಿಗೆ ಕರೆದೊಯ್ಯುತ್ತವೆ. ಕಾಲಡಿ ಸವೆದ ಹಾದಿ ಕಾಣದೆ ಹತ್ತು ನಿಮಿಷ ಕಳೆದಿದ್ದರೆ ಮುಂದೆ ಹೋಗಬೇಡಿ. ಕೊನೆಯ ಬಣ್ಣದ ಕಲ್ಲಿನವರೆಗೆ ಹಿಂದಿರುಗಿ.

ಜೌಗಿನ ಮೇಲೆ ಎರಡು ಹಲಗೆಗಳ ಕಾಲುಸೇತು ಹಾಸಿರುತ್ತಾರೆ. ಒದ್ದೆ ಹಲಗೆ ಪಾಚಿಗಟ್ಟಿದ ಬಚ್ಚಲಿನಂತೆ. ಪಾದವನ್ನು ಚಪ್ಪಟೆಯಾಗಿ, ಹಲಗೆಯ ನಡುವೆ ಊರಿ. ಊರುಗೋಲಿನ ತುದಿ ಎರಡು ಹಲಗೆಗಳ ಸಂದಿಗೆ ಸಿಕ್ಕಿದರೆ ಕೋಲು ಮುರಿಯುತ್ತದೆ, ಇಲ್ಲವೇ ನೀವು ಬೀಳುತ್ತೀರಿ.

ಆರು ದಿನ

ವಿಶ್ರಾಂತಿಯೂ ಸೇರಿ ಗಂಟೆಗೆ 3 ಕಿ.ಮೀ. ಎಂದು ಲೆಕ್ಕ ಹಿಡಿಯಿರಿ. ಆರು ದಿನದ ನಡಿಗೆಗೆ ಏಳು ದಿನ ಇಟ್ಟುಕೊಳ್ಳಿ. ಆ ಹೆಚ್ಚಿನ ಒಂದು ದಿನವನ್ನು ಎಲ್ಲಿ ಖರ್ಚು ಮಾಡಬೇಕೆಂದು ಗಾಳಿ ಹೇಳುತ್ತದೆ.

1. ಅಮ್ಮರ್‌ನೆಸ್–ಐಗೆರ್ಟ್, 8 ಕಿ.ಮೀ. ಬರ್ಚ್ ಕಾಡಿನ ನಡುವೆ ಸತತ ಏರು. ಚೀಲ ಅತಿ ಭಾರವಾಗಿರುವ ದಿನವೇ ಏರೂ ಹೆಚ್ಚು. ಮಧ್ಯಾಹ್ನ ಹೊರಟರೂ ತಲುಪಬಹುದು.

2. ಐಗೆರ್ಟ್–ಸೆರ್ವೆ, 19 ಕಿ.ಮೀ. ಇಡೀ ದಾರಿಯ ಕಠಿಣ ದಿನ ಇದು. ಮರಗಳ ಎಲ್ಲೆ ದಾಟಿ, ಸ್ಟೂರ್-ಐಗೆರ್ಟ್ ಬೆಟ್ಟದ ಹೆಗಲಿನ ಮೇಲೆ, ಕಲ್ಲುಕಲ್ಲಾದ ಬಯಲಿನಲ್ಲಿ ಏಳೆಂಟು ಗಂಟೆ ನಡಿಗೆ. ಮರೆ ಎಂಬುದೇ ಇಲ್ಲ; ನಡುವೆ ಒಂದು ಪುಟ್ಟ ಆಸರೆ ಗುಡಿಸಲು ಇದೆ, ಅಷ್ಟೆ. ಬೆಳಿಗ್ಗೆ ಎಂಟರೊಳಗೆ ಹೊರಡಿ. ತಂಗುಮನೆಯಲ್ಲಿ ಬರೆದಿರುವ ಮುನ್ಸೂಚನೆಯಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ಮೀರಿದ್ದರೆ ಐಗೆರ್ಟ್‌ನಲ್ಲೇ ಇನ್ನೊಂದು ರಾತ್ರಿ ಉಳಿಯಿರಿ. ಹೆಚ್ಚಿನ ದಿನ ಇಟ್ಟುಕೊಂಡದ್ದು ಇದಕ್ಕೇ.

3. ಸೆರ್ವೆ–ತೆರ್ನಾಶೋ, 14 ಕಿ.ಮೀ. ಬಯಲಿನಿಂದ ಬರ್ಚ್ ಕಾಡಿಗೆ, ಉದ್ದನೆಯ ಸರೋವರದ ದಡಕ್ಕೆ ಇಳಿತ. ಮೊಣಕಾಲು ನೋಯುವ ದಿನ, ಆದರೆ ಕೊನೆಗೆ ಸೌನಾ (ಬೆವರು ಹರಿಸುವ ಬಿಸಿ ಕೋಣೆ) ಕಾದಿರುತ್ತದೆ.

4. ತೆರ್ನಾಶೋ–ಸಿಟರ್, 14 ಕಿ.ಮೀ. ದಡದುದ್ದಕ್ಕೂ ತಗ್ಗಿನ ಕಾಡು, ಸೊಳ್ಳೆಯ ರಾಜ್ಯ. ಸರೋವರದ ದಕ್ಷಿಣ ತುದಿಯಲ್ಲಿ ಒಂದರ ಹಿಂದೊಂದು ಸೇತುವೆಗಳು ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತಾ ಆಚೆ ದಡ ಮುಟ್ಟಿಸುತ್ತವೆ. ತೂಗುಸೇತುವೆ ಸಿಕ್ಕಾಗ ಒಬ್ಬೊಬ್ಬರಾಗಿ ದಾಟಿ.

5. ಸಿಟರ್–ವಿಟರ್‌ಸ್ಕಾಲೆಟ್, 12 ಕಿ.ಮೀ. ಹಿಮನದಿ ಕೊರೆದ, ತೊಟ್ಟಿಲಿನಂತೆ ಬಾಗಿದ ಕಣಿವೆ. ಏರಿಳಿತ ಕಡಿಮೆ. ಆದರೆ ಎರಡೂ ಕಡೆ ಗೋಡೆ ಇರುವುದರಿಂದ ಗಾಳಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಹವಾಮಾನ ಚೆನ್ನಾಗಿದ್ದು ಹೆಚ್ಚಿನ ದಿನ ಇನ್ನೂ ಉಳಿದಿದ್ದರೆ 1,768 ಮೀಟರ್ ಎತ್ತರದ ನೊರ್ರಾ ಸಿಟರ್‌ಟೊಪ್ಪೆನ್ ಶಿಖರಕ್ಕೆ ಹೋಗಿಬರಬಹುದು. ಹೆಚ್ಚುಕಡಿಮೆ ಕುಮಾರಪರ್ವತದಷ್ಟು ಎತ್ತರ, ಆದರೆ ತುದಿಯಲ್ಲಿ ಸಡಿಲ ಕಲ್ಲು, ಪಕ್ಕದಲ್ಲೇ ಹಿಮನದಿ. ಹಿಮನದಿಯ ಮೇಲೆ ಕಾಲಿಡಬೇಡಿ.

6. ವಿಟರ್‌ಸ್ಕಾಲೆಟ್–ಹೇಮವಾನ್, 11 ಕಿ.ಮೀ. ಇಳಿಜಾರು.

ಹಳ್ಳಗಳಿಗೆ ಹೆಚ್ಚಿನ ಕಡೆ ಸೇತುವೆ ಇದೆ. ಮಳೆಯ ನಂತರ ಸಣ್ಣ ತೊರೆಯೊಂದು ಉಕ್ಕಿ ಹರಿಯುತ್ತಿದ್ದರೆ ಕಿರಿದಾದ ಜಾಗ ಹುಡುಕಬೇಡಿ. ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ಅಗಲವಾಗಿ ಹರಡಿ ಹರಿಯುವಲ್ಲಿ ದಾಟಿ. ಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ. ಬಿದ್ದರೆ ಚೀಲ ಕಳಚಬೇಕು, ನಿಮ್ಮನ್ನು ನೀರಿನಡಿ ಒತ್ತಬಾರದು. ಹರಿವಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡವಾಗಿ ಹೆಜ್ಜೆಯಿಡಿ. ಮೊಣಕಾಲು ಮೀರಿದರೆ ಹಿಂದಿರುಗಿ, ಕಾಯಿರಿ.

ತಂಗುಮನೆಯ ರೀತಿ ರಿವಾಜು

ಈ ಐದೂ ಮನೆಗಳನ್ನು ನಡೆಸುವುದು 1885ರಲ್ಲಿ ಹುಟ್ಟಿದ ಸ್ವೀಡಿಷ್ ಪ್ರವಾಸಿ ಸಂಘ. ಸದಸ್ಯರಿಗೆ ಹಾಸಿಗೆ ಅಗ್ಗ, ಮೊದಲೇ ಬುಕ್ ಮಾಡಿದರೆ ಇನ್ನೂ ಅಗ್ಗ. ಟೆಂಟ್ ಹಾಕುವವರು ಮನೆಯ ಪಕ್ಕದಲ್ಲೇ ಹಾಕಿ ಅಡುಗೆಮನೆ ಬಳಸಿದರೆ ಅದಕ್ಕೂ ಶುಲ್ಕವಿದೆ. ಮನೆಗಳಿಂದ ದೂರದಲ್ಲಿ ಬಯಲಿನಲ್ಲಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ಹಣ ಕೊಡಲು ಕಾರ್ಡು ಇಟ್ಟುಕೊಳ್ಳಿ, ಏಕೆಂದರೆ ‘ಸ್ವಿಷ್’ ಎಂಬ ಫೋನ್ ಪಾವತಿಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು.

ಇಲ್ಲಿ ಕೆಲಸದವರಿಲ್ಲ. ಸ್ಟ್ಯೂಗ್‌ವೆರ್ಡ್ ಎಂಬ ಮೇಲ್ವಿಚಾರಕರು ಇರುತ್ತಾರೆ, ಅವರು ನಿಮ್ಮ ತಟ್ಟೆ ತೊಳೆಯಲು ಬಂದವರಲ್ಲ. ಕುಡಿಯುವ ನೀರನ್ನು ಗುರುತು ಹಾಕಿದ ಜಾಗದಿಂದ ಬಕೆಟ್ಟಿನಲ್ಲಿ ತನ್ನಿ. ಅದು ಮೇಲುಭಾಗದಲ್ಲಿರುತ್ತದೆ, ತೊಳೆಯುವ ಜಾಗ ಕೆಳಗೆ. ಮುಸುರೆ ನೀರಿಗೆ ಬೇರೆ ಬಕೆಟ್ಟಿದೆ, ಅದನ್ನು ಸುರಿಯುವ ಜಾಗವೂ ಬೇರೆ. ಎರಡು ಬಕೆಟ್ಟುಗಳನ್ನು ಅದಲುಬದಲು ಮಾಡುವುದು ಈ ಮನೆಗಳಲ್ಲಿ ಮಹಾಪರಾಧ. ಕಸ ನಿಮ್ಮ ಚೀಲದಲ್ಲೇ ಹೇಮವಾನ್ ತಲುಪಲಿ.

ಒಲೆ ಹಚ್ಚುವ ಮೊದಲು ಹೊಗೆಕೊಳವೆಯ ತಡೆತಗಡು ತೆರೆದಿದೆಯೇ ನೋಡಿ. ಬರ್ಚ್ ತೊಗಟೆಯ ಒಂದು ಸುರುಳಿ ಇಟ್ಟರೆ ಸೀಮೆಎಣ್ಣೆ ಬೇಡ. ತೊಗಟೆಯಲ್ಲೇ ಎಣ್ಣೆಯಂಶ ಇರುವುದರಿಂದ ತೇವವಿದ್ದರೂ ಹೊತ್ತಿಕೊಳ್ಳುತ್ತದೆ. ರಾತ್ರಿ ಬಿಸಿ ಉಳಿಯಲಿ ಎಂದು ಕೆಂಡ ಇರುವಾಗಲೇ ತಡೆತಗಡು ಮುಚ್ಚುವವರಿದ್ದಾರೆ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಕೆಂಡ ಪೂರ್ತಿ ಕಪ್ಪಾಗುವವರೆಗೆ ಮುಚ್ಚಬೇಡಿ. ಬೂದಿಗೆ ತಗಡಿನ ಡಬ್ಬ. ಹೊರಡುವ ಮೊದಲು ಸೌದೆ ಸೀಳಿ, ನೀರು ತುಂಬಿ, ಮುಂದೆ ಬರುವವರಿಗೆ ಇಟ್ಟುಹೋಗಿ. ಮಳೆಯಲ್ಲಿ ನಡುಗುತ್ತಾ ಬಂದಾಗ ಸೀಳಿಟ್ಟ ಸೌದೆಯ ಬೆಲೆ ಏನೆಂದು ಎರಡನೇ ದಿನವೇ ಗೊತ್ತಾಗುತ್ತದೆ.

ಐಗೆರ್ಟ್ ಮತ್ತು ತೆರ್ನಾಶೋದಲ್ಲಿ ಸೌನಾ ಇದೆ. ಹೆಂಗಸರಿಗೆ, ಗಂಡಸರಿಗೆ, ಎಲ್ಲರಿಗೂ ಒಟ್ಟಿಗೆ ಎಂದು ಸಮಯ ಹಂಚಿರುತ್ತಾರೆ. ಬಟ್ಟೆಯಿಲ್ಲದೆ ಕೂರುವುದು ಅಲ್ಲಿನ ಪದ್ಧತಿ. ಸಂಕೋಚವಿದ್ದರೆ ಟವೆಲ್ ಸುತ್ತಿಕೊಳ್ಳಿ.

ಹಿಮಸಾರಂಗ ಮತ್ತು ಸಾಮಿ ಜನ

ನೀವು ನಡೆಯುವ ನೆಲ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗ ಮೇಯಿಸುವ ನೆಲ. ಅಮ್ಮರ್‌ನೆಸ್ ಸುತ್ತ ರಾನ್ ಮತ್ತು ಗ್ರಾನ್ ಎಂಬ ಎರಡು ಸಾಮಿ ಮೇವುಸಮುದಾಯಗಳಿವೆ. ಹಿಂಡು ಎದುರಾದರೆ ನಿಂತುಬಿಡಿ ಅಥವಾ ಕೂತುಬಿಡಿ, ಅದು ತಾನಾಗಿ ಸರಿದುಹೋಗಲಿ. ಫೋಟೋಗೆಂದು ಹತ್ತಿರ ಓಡಿದರೆ ಹಿಂಡು ಚದುರಿ, ದಿನಗಟ್ಟಲೆ ಕೂಡಿಹಾಕಿದ ಕೆಲಸ ಹಾಳಾಗುತ್ತದೆ. ಮಾತಿಗೆ ಸಿಕ್ಕ ಸಾಮಿಯವರನ್ನು ‘ನಿಮ್ಮಲ್ಲಿ ಎಷ್ಟು ಹಿಮಸಾರಂಗ ಇವೆ’ ಎಂದು ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಂತೆ ಅದು.

ಏನಾದರೂ ಆದರೆ

ತುರ್ತು ಸಂಖ್ಯೆ 112. ಸಿಗ್ನಲ್ ಇಲ್ಲದ ಕಡೆ ತುರ್ತು ಫೋನ್ ಇರುವ ತಂಗುಮನೆ, ಆಸರೆ ಗುಡಿಸಲುಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಒಬ್ಬರೇ ಹೋಗುವವರು ಉಪಗ್ರಹ ಸಂದೇಶ ಸಾಧನವೊಂದನ್ನು ಬಾಡಿಗೆಗಾದರೂ ತನ್ನಿ. ಬೆಟ್ಟದ ರಕ್ಷಣಾ ಪಡೆ ಪೊಲೀಸರ ಕೈಕೆಳಗಿದೆ, ಹುಡುಕಾಟ ಶುರುವಾಗಬೇಕಾದರೆ ನೀವು ಕಾಣೆಯಾಗಿದ್ದೀರಿ ಎಂದು ಯಾರಾದರೂ ಹೇಳಬೇಕು. ಆದ್ದರಿಂದ ಯಾವ ದಿನ ಎಲ್ಲಿ ತಂಗುವುದು, ಯಾವ ದಿನ ಎಷ್ಟು ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ಫೋನ್ ಮಾಡಬೇಕು ಎಂದು ಬರೆದು ಸ್ಟಾಕ್‌ಹೋಮಿನ ಸ್ನೇಹಿತರಿಗೋ ಮನೆಯವರಿಗೋ ಕೊಟ್ಟುಹೋಗಿ. ಮನೆಯವರು ಬೆಂಗಳೂರಿನಲ್ಲಿದ್ದರೆ ಬೇಸಿಗೆಯಲ್ಲಿ ಮೂರೂವರೆ ಗಂಟೆಯ ಅಂತರವನ್ನೂ ಬರೆಯಿರಿ. ಮತ್ತು ಹೇಮವಾನ್ ತಲುಪಿ ಸಿಗ್ನಲ್ ಬಂದ ಕೂಡಲೇ, ಬೂಟು ಬಿಚ್ಚುವ ಮೊದಲೇ, ತಲುಪಿದೆ ಎಂದು ಅವರಿಗೆ ಒಂದು ಸಂದೇಶ ಹಾಕಿ.